ಓದುಗರ ಪ್ರಶ್ನೆ: ತಂತಿ ತೆಗ್ದು ಹಗ್ಗ ಕಟ್ಟೋರಿಗೆ

ಈ ಸಲ ಪತ್ರ ಬಂದಿದ್ದು ಜಾಸ್ತಿ ಹಾಯಿದೋಣಿಯವ್ರದ್ದೇ. ಮಳೆ ಹೋಗಿ ಸಮುದ್ರ ತಣ್ಣಗಾಯ್ತಲ್ಲ, ಎಲ್ರಿಗೂ ಈಗ ದೋಣಿ ನೆನಪಾಗ್ತದೆ.

ಪ್ರಶ್ನೆ: ನಂದು 28 ಅಡಿ ಫೈಬರ್ ಹಾಯಿದೋಣಿ, ಸೆಕೆಂಡ್‌ಹ್ಯಾಂಡ್, ಮೂವತ್ತು ವರ್ಷ ದಾಟಿದೆ. ಕೂವೆಮರ (ಹಾಯಿ ಕಟ್ಟೋ ಕಂಬ) ಹಿಡಿದಿರೋ 6 ಮಿ.ಮೀ. ಸ್ಟೀಲ್ ತಂತಿ ಬುಡದಲ್ಲಿ ಎಳೆ ಕಿತ್ತು ಮುಳ್ಳು ಮುಳ್ಳಾಗಿದೆ. ಡೈನೀಮಾ ಹಗ್ಗ (ಭಾರೀ ಗಟ್ಟಿ ಪ್ಲಾಸ್ಟಿಕ್ ನೂಲಿನದ್ದು) ಹಾಕೂದು ಅಂತ ಮಾಡಿದೀನಿ, ಆದ್ರೆ ಅದರ ಫಿಟಿಂಗ್ ಹೊರದೇಶದಿಂದ ತರಿಸಿದ್ರೆ ಹಗ್ಗಕ್ಕಿಂತ ಅದೇ ದುಬಾರಿ. ಬೈತಖೋಲ ಕಡೆ ಲೇತ್ ಅಂಗಡಿಯಲ್ಲಿ ಮಾಡಿಸ್ಬೋದಾ? (ಕಾರವಾರದ ಓದುಗರು, ಹೆಸರು ಬೇಡ ಅಂದಿದ್ದಾರೆ)

ಉತ್ತರ: ಮಾಡಿಸ್ಬೋದು ಮಾರಾಯ್ರೆ, ನಾನೂ ಹಂಗೇ ಮಾಡಿಸಿದ್ದು. ಆದ್ರೆ ಲೇತಿನವ್ರ ಹತ್ರ ಹೋಗೂಕೆ ಮೊದ್ಲು ಒಂದು ತಲೇಲಿ ಇಟ್ಕೊಳ್ಳಿ, ತಂತಿಗೆ ಬೇಕಾಗಿದ್ದು ಬಿಗಿಯಾಗಿ ಕಚ್ಚಿ ಹಿಡಿಯೋ ಫಿಟಿಂಗ್, ಹಗ್ಗಕ್ಕೆ ಬೇಕಾಗಿದ್ದು ದಪ್ಪಗೆ ದುಂಡಗೆ ನುಣ್ಣಗೆ ಇರೋ ಮೈ. ಹಳೆ ಫಿಟಿಂಗ್ ನೋಡ್ಕೊಂಡು ಅದೇ ಆಕಾರ ಮಾಡಿಸಿದ್ರೆ ಹಗ್ಗ ಕಟ್ಟಾಗೂದು ಅಲ್ಲೇ.

ಮೊದಲು ಹಗ್ಗದ ದಪ್ಪ. 6 ಮಿ.ಮೀ. ತಂತಿ ಸುಮಾರು 3 ಟನ್ನಿಗೆ ತುಂಡಾಗ್ತದೆ, ಅಷ್ಟೇ ದಪ್ಪದ ಒಳ್ಳೆ ಡೈನೀಮಾ 4 ಟನ್ ಹತ್ರ ತಡೀತದೆ, ಹಂಗಾಗಿ 6 ಸಾಕಲ್ಲ ಅಂತ ಅನ್ನಿಸ್ತದೆ, ಸಾಕಾಗೂದಿಲ್ಲ, ಯಾಕಂದ್ರೆ ಇದು ಒಂದೇ ಸಮ ಭಾರ ಬಿದ್ದಲ್ಲಿ ವರ್ಷಗಟ್ಟಲೆ ನಿಧಾನಕ್ಕೆ ಉದ್ದ ಆಗ್ತಾ ಹೋಗ್ತದೆ, ಮತ್ತೆ ವಾಪಸ್ ಬರೂದಿಲ್ಲ, ಬಿಸಿಲು ಹೆಚ್ಚಾದಷ್ಟೂ ಅದು ಜಾಸ್ತಿ, ನಮ್ಮ ಏಪ್ರಿಲ್ ಮೇ ನಿಮಗೆ ಗೊತ್ತೇ ಇದೆ. ದಪ್ಪ ಹಾಕಿದ್ರೆ ಈ ಜಗ್ಗೂದು ಕಮ್ಮಿ. ಅದಕ್ಕೆ 9 ಮಿ.ಮೀ. ಹಾಕಿ, ಡೈನೀಮಾದಲ್ಲೇ ಎಸ್‌ಕೆ 75 ಅನ್ನೋ ದರ್ಜೆಗಿಂತ ಎಸ್‌ಕೆ 78 ಕಡಿಮೆ ಜಗ್ತದೆ, ಸಿಕ್ಕಿದ್ರೆ ಅದೇ ತಗೊಳ್ಳಿ. 9 ಹಾಕಿದ್ರೂ ತೂಕ ಹಳೆ ತಂತಿಯ ಕಾಲು ಭಾಗದ ಸುತ್ತ ಅಷ್ಟೇ.

ಇನ್ನು ಫಿಟಿಂಗ್. ತಂತಿ ಬಿಗಿ ಮಾಡೋ ತಿರುಪು, ಟರ್ನ್‌ಬಕಲ್, ಅದನ್ನ ಮರ್ತುಬಿಡಿ, ಅದರ ಜಾಗಕ್ಕೆ ಹಳೇ ಕಾಲದ ಡೆಡ್‌ಐ, ಅಂದ್ರೆ ಮೂರು ತೂತಿನ ದಪ್ಪ ಬಿಲ್ಲೆ. ಒಂದು ಮೇಲೆ, ಒಂದು ಕೆಳಗೆ, ನಡುವೆ ಸಣ್ಣ ಹಗ್ಗ ಹೊಲಿದ ಹಾಗೆ ಆಚೆ ಈಚೆ ಹಾಯಿಸಿ ಬಿಗಿ ಮಾಡೂದು. ಅಲ್ಯುಮಿನಿಯಂ 6061 ಟಿ6 ರಾಡ್ ತಗೊಂಡು 65 ಮಿ.ಮೀ. ವ್ಯಾಸ, 22 ಮಿ.ಮೀ. ದಪ್ಪ ಇಟ್ಟು ಸುತ್ತ ಹಗ್ಗ ಕೂರೋ ಒಂದು ತೋಡು ಕೊರೆಸಿ, ತೋಡಿನ ತಳದಲ್ಲಿ ಅಳೆದ್ರೆ 50 ಮಿ.ಮೀ. ಉಳೀಬೇಕು. 9ರ ಹಗ್ಗಕ್ಕೆ ಐದು ಪಟ್ಟು ಅಂದ್ರೆ 45, ಅದಕ್ಕಿಂತ ಕಡಿಮೆ ಸುತ್ತಿಗೆ ಬಗ್ಗಿಸಿದ್ರೆ ಬಲ ಹೋಗ್ತದೆ. ನಡುವೆ 12 ಮಿ.ಮೀ. ತೂತು ಮೂರು, 5 ಮಿ.ಮೀ. ಹಗ್ಗ ಆರು ಸಲ ಹಾಯ್ತದೆ. ಲೆಕ್ಕದಲ್ಲಿ ದೊಡ್ಡ ಶಕ್ತಿ ಬರಬೇಕು, ತೂತಲ್ಲಿ ಉಜ್ಜಿ ಉಜ್ಜಿ ಅರ್ಧಕ್ಕರ್ಧ ಅಲ್ಲೇ ಹೋಗ್ತದೆ, ಸ್ವಲ್ಪ ಮೇಣ ಹಚ್ಚಿ, ಒಂದೇ ಸಲ ಎಳೀದೆ ಒಂದೊಂದು ಎಳೆಯಾಗಿ ಎಳೆದು ಮತ್ತೆ ಮೊದಲಿಂದ ಬನ್ನಿ.

ತೂತಿನ ಬಾಯಿ ವಿಷಯ ಈಗ ಹೇಳ್ತೀನಿ, ನಾನು ಮೂರ್ಖ ಆಗಿದ್ದು ಅಲ್ಲೇ. ಮೊದಲ ಜೋಡಿ ಮಾಡಿಸಿದಾಗ ಲೇತಿನವ್ರು ಡ್ರಿಲ್ ಹೊಡೆದು ಬಾಯಿಗೆ ಚೂರು ಚಾಂಫರ್ (ಅಂಚನ್ನ ಓರೆಯಾಗಿ ಕೊರೆಯೂದು) ಮಾಡಿ ಕೊಟ್ರು, ನೋಡೂಕೆ ಬೆಳ್ಳಿ ಹಾಗೆ ಇತ್ತು, ಒಂದು ಸೀಸನ್ ಮುಗೀವಷ್ಟರಲ್ಲಿ ಹಗ್ಗದ ಎಳೆ ಗುಂಗುರು ಗುಂಗುರು. ಚಾಂಫರ್ ಅಂದ್ರೆ ಒಂದರ ಬದಲು ಎರಡು ಮೂಲೆ ಅಷ್ಟೇ, ದುಂಡಗೆ ಆಗೂದಿಲ್ಲ. ಬಾಯಿ ಪೂರ್ತಿ ತುತ್ತೂರಿ ಹಾಗೆ ಅಗಲಕ್ಕೆ ಬಿಚ್ಕೊಂಡು ಬರ್ಬೇಕು, ಫೈಲು, ಆಮೇಲೆ ಎಮರಿ ಪೇಪರ್ 120, 400, 800. ಮುಗಿದ ಮೇಲೆ ಹತ್ತಿ ತಗೊಂಡು ತೂತಿನೊಳಗೆ ಎಳೀರಿ. ಒಂದು ನೂಲು ಅಂಟಿದ್ರೂ ಮತ್ತೆ ಉಜ್ಜಿ. ಬೇಜಾರಿನ ಕೆಲ್ಸ, ಸಂಜೆ ಟೀವಿ ನೋಡ್ತಾ ಮಾಡಿದ್ರೆ ಆಯ್ತು.

ಹಿತ್ತಾಳೆಲಿ ಮಾಡ್ತೀನಿ ಅಂದ್ರೆ ಬೇಡ ಅನ್ನಿ, ಉಪ್ಪುನೀರಲ್ಲಿ ಅದರೊಳಗಿನ ಸತುವು ಕರಗಿ ಹೋಗಿ ಕಡೆಗೆ ಬಿಸ್ಕಿಟ್ ಹಾಗೆ ಪುಡಿಯಾಗ್ತದೆ. ಬಿಲ್ಲೆಯನ್ನ ದೋಣಿಗೆ ಹಿಡಿಸೋ ಸ್ಟೀಲ್ ಪಿನ್ ಅಲ್ಯುಮಿನಿಯಂಗೆ ನೇರ ತಾಗಿದ್ರೆ ಅಲ್ಯುಮಿನಿಯಂ ಸವೆದು ಹೋಗ್ತದೆ, ನಡುವೆ ಡೆಲ್ರಿನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ಬುಷ್ ಹಾಕಿಸಿ. ನೈಲಾನ್ ಹಾಕಿದ್ರೆ ನೀರು ಕುಡಿದು ಉಬ್ಬಿ ಪಿನ್ ಹೊರಗೆ ಬರೂದಿಲ್ಲ.

ನೀವು ಕೇಳದೇ ಇದ್ದಿದ್ದು ಒಂದು ಹೇಳ್ಬೇಕು. ಮೂವತ್ತು ವರ್ಷದ ದೋಣಿಯಲ್ಲಿ ಮೊದಲು ಕೈಕೊಡೂದು ಚೈನ್‌ಪ್ಲೇಟ್, ಅಂದ್ರೆ ತಂತಿಯ ಬುಡವನ್ನ ದೋಣಿಗೆ ಹಿಡಿಸೋ, ಡೆಕ್ ದಾಟಿ ಕೆಳಗಿಳಿಯೋ ಆ ಸ್ಟೀಲ್ ಪಟ್ಟಿ. ಹೊರಗೆ ಕಾಣೋ ಭಾಗ ಹೊಳೀತಿರ್ತದೆ, ಡೆಕ್ಕಿನ ಒಳಗೆ ಗಾಳಿ ಇಲ್ದೆ ನೀರು ನಿಂತ ಜಾಗದಲ್ಲಿ ತುಕ್ಕು ಹಿಡಿಯೂದಿಲ್ಲ ಅನ್ನೋ 316 ಸ್ಟೀಲೂ ಗುಳಿ ಬಿದ್ದು ಬಿರುಕು ಬಿಡ್ತದೆ. ಅದನ್ನ ಬಿಚ್ಚಿ ನೋಡದೆ ಮೇಲೆ ಹೊಸ ಹಗ್ಗ ಹಾಕೂದು ಅಂದ್ರೆ ಗೆದ್ದಲು ಹಿಡಿದ ಕಂಬಕ್ಕೆ ಹೊಸ ಹಂಚು ಹೊದಿಸಿದ ಹಾಗೆ.

ಪ್ರಶ್ನೆ: ಹಗ್ಗದ ತುದಿಗೆ ಸ್ಪ್ಲೈಸ್ ಮಾಡೂದು ಕಷ್ಟ ಅಂತಾರೆ, ಗಟ್ಟಿ ಗಂಟು ಹಾಕಿದ್ರೆ ಆಗೂದಿಲ್ವಾ? (ಅಂಕೋಲಾ)

ಉತ್ತರ: ಆಗೂದಿಲ್ಲ. ಡೈನೀಮಾ ಸೋಪಿನ ಹಾಗೆ ಜಾರ್ತದೆ, ಗಂಟು ನಿಂತ್ರೂ ಅರ್ಧ ಬಲ ಹೋಗ್ತದೆ. ಸ್ಪ್ಲೈಸ್ ನಿಜಕ್ಕೂ ಸುಲಭ, ಒಳಗೆ ಟೊಳ್ಳಿರೋ ಹೆಣಿಗೆ, ತುದಿಯನ್ನ ಅದರ ಹೊಟ್ಟೆಯೊಳಗೇ ತೂರಿಸೂದು. ದಪ್ಪದ 72 ಪಟ್ಟು ಒಳಗೆ ಹೋಗ್ಬೇಕು, 9 ಮಿ.ಮೀ.ಗೆ 65 ಸೆಂಟಿಮೀಟರ್, ಜುಗ್ಗತನ ಮಾಡ್ಬೇಡಿ. ತುದಿಯ ಎಳೆಗಳನ್ನ ಒಂದೊಂದಾಗಿ ಕತ್ತರಿಸಿ ಮೂಲಂಗಿ ಬಾಲದ ಹಾಗೆ ಸಣ್ಣಗೆ ಮಾಡಿ, ಇಲ್ದಿದ್ರೆ ಒಳಗಿನ ತುದಿ ಮುಗಿಯೋ ಜಾಗದಲ್ಲಿ ದಿಢೀರ್ ಮೆಟ್ಟಿಲಾಗಿ ಅಲ್ಲೇ ಸೋಲ್ತದೆ. ಬ್ರಮೆಲ್ ಲಾಕ್ (ಹಗ್ಗವನ್ನ ಅದರ ಎಳೆಗಳ ನಡುವೆಯೇ ಅಡ್ಡಕ್ಕೆ ತೂರಿಸಿದ ಕೊಂಡಿ) ಹಾಕಿ, ಅದು ಸಡಿಲ ಇದ್ದಾಗ ಜಾರದ ಹಾಗೆ ನೋಡ್ಕೊಳ್ಳೂಕೆ, ಭಾರ ಹೊರೂದು ಆ 65 ಸೆಂಟಿಮೀಟರೇ.

ಹೊಸ ಸ್ಪ್ಲೈಸ್ ಮೊದಲ ಎಳೆತಕ್ಕೆ ಕೂತ್ಕೊಂಡು ಉದ್ದ ಆಗ್ತದೆ, ಅದಕ್ಕೇ ಅಳತೆ ತಪ್ಪೂದು. ನಾನು ಎರಡು ತೆಂಗಿನ ಮರದ ನಡುವೆ ಚೈನ್ ಬ್ಲಾಕ್ ಹಾಕಿ ಎಳೆದು ರಾತ್ರಿಯಿಡೀ ಬಿಟ್ಟಿದ್ದೆ. ಮರಕ್ಕೆ ಗೋಣಿಚೀಲ ಸುತ್ತಿ, ಹಗ್ಗದ ಸಾಲಲ್ಲಿ ಯಾರೂ ನಿಲ್ಬೇಡಿ, ಮಕ್ಳನ್ನಂತೂ ಹತ್ರ ಬಿಡ್ಬೇಡಿ.

ಪ್ರಶ್ನೆ: ಬಲೆ ಅಂಗಡಿಯಲ್ಲಿ ಸಿಗೋ ಹಸಿರು ಪ್ಲಾಸ್ಟಿಕ್ ಹಗ್ಗವೂ ಪಾಲಿಎಥಿಲೀನೇ ಅಲ್ವಾ, ಡೈನೀಮಾನೂ ಅದೇ ಅಂತ ಓದಿದೆ. ಅದನ್ನೇ ದಪ್ಪಕ್ಕೆ ಹಾಕಿದ್ರೆ? (ತದಡಿ)

ಉತ್ತರ: ಓದಿದ್ದು ಸರಿ, ಜಾತಿ ಒಂದೇ. ಆದ್ರೆ ಡೈನೀಮಾದ ಅಣುಸರಪಳಿ ಎಷ್ಟೋ ಪಟ್ಟು ಉದ್ದ, ಅದನ್ನ ಎಳೆದು ಎಲ್ಲಾ ಒಂದೇ ದಿಕ್ಕಿಗೆ ಮಲಗಿಸಿರ್ತಾರೆ, ಬಲ ಬರೂದು ಅದ್ರಿಂದ. ಹಸಿರು ಹಗ್ಗ ಲಂಗರಿಗೆ ಬಲೆಗೆ ಚೆಂದ, ಕೂವೆಮರಕ್ಕೆ ಕಟ್ಟಿದ್ರೆ ಗಾಳಿ ಬಂದಾಗ ರಬ್ಬರಿನ ಹಾಗೆ ಜಗ್ಗಿ ಮರ ತೊಟ್ಟಿಲಾಗ್ತದೆ.

ಪ್ರಶ್ನೆ: ಬಿಸಿಲಿಗೆ ಹಗ್ಗ ಸಡಿಲ ಆಗ್ತದಾ? (ಕುಮಟಾ)

ಉತ್ತರ: ಮೇಲೆ ಹೇಳಿದ ವರ್ಷಗಟ್ಟಲೆ ಜಗ್ಗೂದು ಬೇರೆ, ದಿನದ ಬಿಸಿಲಿಗೆ ಆಗೂದು ಉಲ್ಟಾ. ಡೈನೀಮಾ ಬಿಸಿಗೆ ಚೂರು ಗಿಡ್ಡ ಆಗ್ತದೆ, ಅಲ್ಯುಮಿನಿಯಂ ಕೂವೆಮರ ಉದ್ದ ಆಗ್ತದೆ, ಎರಡೂ ಸೇರಿ ಬಿಗಿ. 10 ಮೀಟರ್ ಮರಕ್ಕೆ 15 ಡಿಗ್ರಿ ಏರಿದ್ರೆ 5 ಮಿ.ಮೀ. ಅಷ್ಟೇ ವ್ಯತ್ಯಾಸ. ಹಿಮ ಬೀಳೋ ಊರಿನವ್ರಿಗೆ ಇದು ತಲೆನೋವು, ನಮಗಲ್ಲ.

ಪ್ರಶ್ನೆ: ನಮ್ಮಲ್ಲಿ ಒಣಗಿದ ಜಂಬೆ ಮರದ ತುಂಡಿದೆ, ಅಣ್ಣನ ದೋಣಿಗೆ ಡೆಡ್‌ಐ ಕೆತ್ತಿ ಕೊಡ್ಲಾ? (ಶಿರಸಿ)

ಉತ್ತರ: ಘಟ್ಟದ ಮೇಲಿಂದ ಪ್ರಶ್ನೆ ಬಂದಿದ್ದು ಖುಷಿ. ಜಂಬೆ ಅಂದ್ರೆ ರೈಲ್ವೆ ಸ್ಲೀಪರಿಗೆ ಹಾಕ್ತಿದ್ದ ಮರ, ಗಟ್ಟಿತನದ ಬಗ್ಗೆ ಅನುಮಾನ ಇಲ್ಲ, ಹಳೆ ಹಡಗಿನ ಡೆಡ್‌ಐಗಳೂ ಮರದವೇ. ಆದ್ರೆ ಆಗಿನ ನಾರಿನ ಹಗ್ಗ ದಪ್ಪ, ಈಗಿಂದು ಸಪೂರ, ಮರದೊಳಗೆ ಕಚ್ಚಿ ಇಳೀತದೆ. ಹಂಗಾಗಿ ಅಲ್ಯುಮಿನಿಯಂದಕ್ಕಿಂತ ದೊಡ್ಡದಾಗಿ ಕೆತ್ತಿ, ಬಿರುಕಿದ್ದ ತುಂಡು ಬಿಟ್ಟುಬಿಡಿ, ಒಂದು ವಾರ ಅಗಸೆ ಎಣ್ಣೆಯಲ್ಲಿ ಮುಳುಗಿಸಿಡಿ. ಸಣ್ಣ ದೋಣಿಯಾದ್ರೆ ಧೈರ್ಯವಾಗಿ ಕೊಡಿ, ದೊಡ್ಡದಾದ್ರೆ ಅಣ್ಣನಿಗೆ ಲೇತ್ ಅಂಗಡಿ ದಾರಿ ತೋರ್ಸಿ.

ಪ್ರಶ್ನೆ: ಮಳೆಗಾಲದಲ್ಲಿ ಹೆಂಗೆ ಇಡೂದು? (ಹೊನ್ನಾವರ)

ಉತ್ತರ: ಜೂನ್ ಬರೂಕೆ ಮೊದಲೇ ಕೂವೆಮರ ಇಳಿಸಿ, ಹಗ್ಗ ಸಿಹಿನೀರಲ್ಲಿ ನೆನೆಸಿ ಉಪ್ಪು ತೆಗೀರಿ, ನೆರಳಲ್ಲಿ ಒಣಗಿಸಿ. ಸ್ಪ್ರೆಡರ್ (ಹಗ್ಗವನ್ನ ಕೂವೆಮರದಿಂದ ದೂರ ಹಿಡಿಯೋ ಅಡ್ಡಕೋಲು) ತುದಿ ತಾಗೋ ಜಾಗ ಬೆರಳಲ್ಲಿ ಸವರಿ ನೋಡಿ, ಮೇಲ್ಮೈ ಸ್ವಲ್ಪ ನವಿರಾಗಿ ಜುಂಗು ಎದ್ದಿದ್ರೆ ಹೆದರ್ಬೇಡಿ, ಎಳೆಯೇ ತುಂಡಾಗಿದ್ರೆ ಬದಲಿಸಿ. ಅಡಿಗೆಮನೆ ಅಟ್ಟದ ಮೇಲೆ ಇಡ್ಬೇಡಿ, 150 ಡಿಗ್ರಿ ಹತ್ರ ಇದು ಕರಗೇ ಹೋಗ್ತದೆ, ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಯಲ್ಲೇ ಮೆತ್ತಗಾಗ್ತದೆ. ಮುಚ್ಚಳ ಇರೋ ತಗಡಿನ ಡಬ್ಬದಲ್ಲಿ ಹಾಕಿಡಿ, ಗೋಣಿಚೀಲದಲ್ಲಿ ಬೇಡ, ಇಲಿಗೆ ಹಗ್ಗದ ಬೆಲೆ ಗೊತ್ತಿಲ್ಲ.