ಫೆಸೆಂಟ್ ಬೇಟೆಗೆ ಏನು ಹಾಕಿಕೊಳ್ಳಬೇಕು: ಮಿನ್ನೆಸೋಟಾಕ್ಕೆ ಹೊಸದಾಗಿ ಬಂದ ಕೊಡಗಿನವರೊಬ್ಬರಿಗೆ

ಮಿನಿಯಾಪೊಲಿಸ್‌ಗೆ ಎಚ್-1ಬಿ ಮೇಲೆ ಬಂದಿದ್ದೀರಿ, ಅಕ್ಟೋಬರಿನಲ್ಲಿ ಆಫೀಸಿನವರು ಫೆಸೆಂಟ್ (ಕಾಡುಕೋಳಿಯಂಥ ಉದ್ದ ಬಾಲದ ಹಕ್ಕಿ) ಬೇಟೆಗೆ ಕರೆದಿದ್ದಾರೆ, ಕೋವಿ ಅವರೇ ಕೊಡುತ್ತಾರೆ, ಬಟ್ಟೆಬರೆಗೆ 300 ಡಾಲರ್ ಇಟ್ಟಿದ್ದೀರಿ, ಏನೇನು ಕೊಳ್ಳಬೇಕು ಎಂದು ಕೇಳಿದ್ದೀರಿ. ಅಂಗಡಿಗೆ ಹೋಗುವ ಮುಂಚೆ ಲೈಸನ್ಸ್ ವಿಷಯ ಮುಗಿಸಿಕೊಳ್ಳಿ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಎನ್ನುವುದು ಇಲ್ಲಿನ ಕೇಂದ್ರ ಕಾನೂನು. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸನ್ಸ್ ಇದ್ದರೆ ಮಾತ್ರ ಅದಕ್ಕೆ ವಿನಾಯಿತಿ. ಕೊಡಗಿನ ಮನೆಯ ಕೋವಿಗೆ ಇರುವ ವಿನಾಯಿತಿ ಇಲ್ಲಿ ಲೆಕ್ಕಕ್ಕಿಲ್ಲ. ಸ್ನೇಹಿತರ ಕೋವಿಯನ್ನು ಹತ್ತು ನಿಮಿಷ ಹಿಡಿದರೂ ಲೈಸನ್ಸ್ ನಿಮ್ಮ ಜೇಬಿನಲ್ಲಿರಬೇಕು. ಮಿನ್ನೆಸೋಟಾದ ಸ್ಮಾಲ್ ಗೇಮ್ (ಸಣ್ಣ ಪ್ರಾಣಿಪಕ್ಷಿಗಳ ಬೇಟೆಯ) ಲೈಸನ್ಸ್ ಫೆಬ್ರವರಿ ಕೊನೆಗೆ ಮುಗಿಯುತ್ತದೆ, ಅಂದಿಗೆ ನಿಮ್ಮ ವಿನಾಯಿತಿಯೂ ಮುಗಿಯಿತು. ಅದರ ಜೊತೆಗೆ ಫೆಸೆಂಟ್ ಸ್ಟಾಂಪ್, ಅಂದರೆ ಈ ಹಕ್ಕಿಗೆಂದೇ ಕೊಳ್ಳುವ ಪರವಾನಗಿ ಚೀಟಿ, ಬೇಕು. 1979ರ ನಂತರ ಹುಟ್ಟಿದವರಿಗೆ ಫೈರ್‌ಆರ್ಮ್ಸ್ ಸೇಫ್ಟಿ ತರಗತಿಯ ಸರ್ಟಿಫಿಕೇಟೂ ಬೇಕು. ಈ ತರಗತಿಗೆ ಈಗಲೇ ಹೆಸರು ಕೊಡಿ.

ಇನ್ನು ಬಟ್ಟೆ. ಹೊಸಬರೆಲ್ಲ ಚಳಿಗೆ ಹೆದರಿ ದಪ್ಪ ಜಾಕೆಟ್ಟಿಗೆ ದುಡ್ಡು ಸುರಿಯುತ್ತಾರೆ. ಫೆಸೆಂಟ್ ಬೇಟೆ ಎಂದರೆ ಮರೆಯಲ್ಲಿ ಕೂತು ಕಾಯುವ ಶಿಕಾರಿ ಅಲ್ಲ, ಎದೆಮಟ್ಟದ ಹುಲ್ಲಿನಲ್ಲಿ, ಜೊಂಡು ಬೆಳೆದ ಜೌಗಿನಲ್ಲಿ ದಿನಕ್ಕೆ ಎಂಟು ಹತ್ತು ಕಿಲೋಮೀಟರ್ ನಡಿಗೆ. ಚಳಿಗಿಂತ ಹೆಚ್ಚು ಕಾಡುವುದು ಒದ್ದೆ, ಮುಳ್ಳು, ಬೆವರು. ಹಾಗಾಗಿ ಇಟ್ಟ ಹಣದಲ್ಲಿ ಅರ್ಧ ಬೂಟಿಗೆ ಹೋಗಲಿ.

ಎಂಟರಿಂದ ಹತ್ತು ಇಂಚು ಎತ್ತರದ, ನೀರು ಒಳಗೆ ಬಿಡದ ಲೇಸ್ ಬೂಟು ನೋಡಿ. ಒಳಗೆ ಇನ್ಸುಲೇಷನ್ ಇಲ್ಲದ್ದು, ಹೆಚ್ಚೆಂದರೆ 200 ಗ್ರಾಂನದು ಸಾಕು (ಇದು ಬೂಟಿನ ತೂಕವಲ್ಲ, ಇನ್ಸುಲೇಷನ್ ಎಷ್ಟಿದೆ ಎನ್ನುವ ಲೆಕ್ಕ). ಅಂಗಡಿಯವರು ತೋರಿಸುವ 800 ಗ್ರಾಂನ ಬೂಟು ಮರದ ಮೇಲೆ ಕೂತು ಜಿಂಕೆಗೆ ಕಾಯುವವರಿಗೆ. ಅದನ್ನು ಹಾಕಿ ನಡೆದರೆ ಕಾಲು ಬೆವೆತು, ಚರ್ಮ ಮೆತ್ತಗಾಗಿ, ಗುಳ್ಳೆ ಏಳುತ್ತದೆ. ಸಂಜೆ ಹೊತ್ತು, ಬೇಟೆಯ ದಿನ ಹಾಕುವ ಉಣ್ಣೆಯ ಕಾಲುಚೀಲದ ಸಮೇತ ಹಾಕಿ ನೋಡಿ. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಉಳಿಯಬೇಕು, ಹಿಮ್ಮಡಿ ಮೇಲೆಕೆಳಗೆ ಆಡಬಾರದು. ಮೂರು ವಾರ ಮೊದಲೇ ಕೊಂಡು ದಿನಾ ಸ್ವಲ್ಪ ನಡೆದು ಪಳಗಿಸಿ. ಜೌಗಿನಲ್ಲಿ ನೀರು ಬೂಟಿನ ಬಾಯಿಂದ ಒಳಗೆ ಹೋದರೆ ಆ ವಾಟರ್‌ಪ್ರೂಫ್ ಪದರವೇ ಅದನ್ನು ಹೊರಗೆ ಬಿಡುವುದಿಲ್ಲ, ಆದ್ದರಿಂದ ಕಾರಿನಲ್ಲಿ ಎರಡನೇ ಜೊತೆ ಕಾಲುಚೀಲ ಇರಲಿ. ಒಣಗಿಸುವಾಗ ಇನ್‌ಸೋಲ್ ತೆಗೆದು ಒಳಗೆ ಪೇಪರ್ ತುಂಬಿ; ಹೀಟರ್ ಮುಂದೆ ಇಟ್ಟರೆ ಅಂಟು ಬಿಟ್ಟು ಅಟ್ಟೆ ಬಾಯಿ ತೆರೆಯುತ್ತದೆ.

ಜೀನ್ಸ್ ಬೇಡವೇ ಬೇಡ. ಬೆಳಗಿನ ಇಬ್ಬನಿಗೆ ತೊಡೆಯವರೆಗೆ ನೆನೆದು ಮಂಡಿಗೆ ಅಂಟಿಕೊಂಡರೆ ಮಧ್ಯಾಹ್ನದವರೆಗೂ ಒಣಗುವುದಿಲ್ಲ. ತೊಡೆಯಿಂದ ಕೆಳಗೆ ಮುಂಭಾಗಕ್ಕೆ ದಪ್ಪ ನೈಲಾನ್ ಅಥವಾ ಮೇಣ ಹಚ್ಚಿದ ಕ್ಯಾನ್ವಾಸ್ ಹೊಲಿದ ‘ಬ್ರಷ್ ಪ್ಯಾಂಟ್’ ಸಿಗುತ್ತದೆ. ಅದು ದುಬಾರಿ ಅನಿಸಿದರೆ ಇರುವ ಟ್ರೆಕಿಂಗ್ ಪ್ಯಾಂಟಿನ ಮೇಲೆ, ಸೊಂಟದ ಬೆಲ್ಟಿಗೆ ಸಿಕ್ಕಿಸುವ ಚ್ಯಾಪ್ಸ್ (ಕಾಲಿಗೆ ಮಾತ್ರ ಹಾಕುವ ಗಟ್ಟಿ ಹೊದಿಕೆ) ಹಾಕಿ, ಕೆಲಸ ಅಷ್ಟೇ ಚೆನ್ನಾಗಿ ಆಗುತ್ತದೆ. ಕಾಲುಭಾಗ ಬೂಟಿನ ಹೊರಗೇ ಇಳಿದಿರಲಿ. ಒಳಗೆ ತುರುಕಿದರೆ ಹುಲ್ಲಿನ ನೀರೆಲ್ಲ ಇಳಿದು ಬೂಟಿನೊಳಗೆ ಸೇರುತ್ತದೆ. ತೆಳುವಾದ ಮಳೆ ಪ್ಯಾಂಟು ಕಾಡುಗುಲಾಬಿ ಮುಳ್ಳಿಗೆ ಒಂದು ಬೆಳಗ್ಗೆ ತಡೆಯುವುದೂ ಕಷ್ಟ. ಮೇಣದ ಬಟ್ಟೆಯನ್ನು ವಾಷಿಂಗ್ ಮೆಷೀನಿಗೆ ಹಾಕಬೇಡಿ, ತಣ್ಣೀರಿನಲ್ಲಿ ಒರೆಸಿ ಸಾಕು.

ಸೊಂಟದ ಮೇಲಕ್ಕೆ ಕಡಿಮೆ ಬಟ್ಟೆಯೇ ಒಳ್ಳೆಯದು. ಬೆಳಗ್ಗೆ ಹೊರಟಾಗ ಸ್ವಲ್ಪ ಚಳಿ ಅನಿಸಬೇಕು; ಆಗಲೇ ಹಿತವಾಗಿದ್ದರೆ ಅರ್ಧ ಗಂಟೆಯಲ್ಲಿ ಬೆವೆತು, ನಿಂತಾಗ ನಡುಗುತ್ತೀರಿ. ಒಳಗೆ ಮೆರಿನೊ ಉಣ್ಣೆ ಅಥವಾ ಪಾಲಿಯೆಸ್ಟರ್ ಬನಿಯನ್, ಮೇಲೆ ಬಿಗಿ ನೇಯ್ಗೆಯ ಶರ್ಟು, ಅದರ ಮೇಲೆ ಬೇಟೆಯ ವೆಸ್ಟು. ಹತ್ತಿ ಬನಿಯನ್ ಮನೆಯಲ್ಲೇ ಇರಲಿ. ಡಿಸೆಂಬರಿನ ಮೈನಸ್ ಹತ್ತಕ್ಕೆ ನಡುವೆ ಒಂದು ತೆಳು ಫ್ಲೀಸ್ ಸೇರಿಸಿದರೆ ನಡೆಯುವವರಿಗೆ ಸಾಕಾಗುತ್ತದೆ. ದಪ್ಪ ಜಾಕೆಟ್ಟಿನ ಇನ್ನೊಂದು ತೊಂದರೆಯನ್ನು ಯಾರೂ ಹೇಳುವುದಿಲ್ಲ: ಹಕ್ಕಿ ಎದ್ದಾಗ ಕೋವಿಯ ಹಿಂಬದಿ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ, ಭುಜಕ್ಕೆ ಏರುವುದಿಲ್ಲ. ಇಲ್ಲಿನ ಕೋವಿಗಳ ಕುದುರೆಯಿಂದ (ಟ್ರಿಗರಿನಿಂದ) ಹಿಂಬದಿಯ ತುದಿಗೆ 14ರಿಂದ 14½ ಇಂಚು ಇರುತ್ತದೆ. ಐದೂವರೆ ಅಡಿ ಎತ್ತರದವರಿಗೆ ಅಷ್ಟೇ ಉದ್ದ ಜಾಸ್ತಿಯಾಯಿತು. ಇದರ ಮೇಲೆ ಜಾಕೆಟ್ಟಿನ ದಪ್ಪವೂ ಸೇರಿದರೆ ಗುರಿ ತಪ್ಪಿದಂತೆಯೇ. ಈ ಅಳತೆ 13 ಇಂಚು ಇರುವ ಕಾಂಪ್ಯಾಕ್ಟ್ ಕೋವಿ ಆಫೀಸಿನವರ ಬಳಿ ಇದ್ದರೆ ಸಂಕೋಚವಿಲ್ಲದೆ ಅದನ್ನೇ ಕೇಳಿ, ಮಕ್ಕಳ ಕೋವಿ ಎಂದು ನಕ್ಕರೂ ಚಿಂತೆಯಿಲ್ಲ.

ವೆಸ್ಟಿನ ಬೆನ್ನಿಗೆ ಹಕ್ಕಿ ಹಾಕುವ ಚೀಲ ಇರುತ್ತದೆ. ಒಂದು ಹುಂಜ (ಗಂಡು ಫೆಸೆಂಟ್) ಒಂದು ಕಿಲೋ ಮೀರಿ ತೂಗುತ್ತದೆ. ಎರಡು ಹಕ್ಕಿ, ಒಂದು ಡಬ್ಬಿ ತೋಟೆ (25 ತೋಟೆಗೆ ಸುಮಾರು ಒಂದೂಕಾಲು ಕಿಲೋ), ಎರಡು ಲೀಟರ್ ನೀರು ಸೇರಿದರೆ ಭಾರ ಭುಜದ ಮೇಲಲ್ಲ, ಸೊಂಟದ ಬೆಲ್ಟಿನ ಮೇಲೆ ಕೂರಬೇಕು. ಆ ನೀರಿನ ಅರ್ಧಭಾಗ ಜೊತೆಗೆ ಬರುವ ಬೇಟೆನಾಯಿಗೆ ಹೋಗುತ್ತದೆ ಎಂದೇ ಲೆಕ್ಕ ಹಾಕಿ. ವೆಸ್ಟು ಹಾಕಿ ನೋಡುವಾಗ ಕೋವಿ ಎತ್ತಿದಂತೆ ಕೈ ಎತ್ತಿ ಭುಜಕ್ಕೆ ತನ್ನಿ, ಆ ಜಾಗದಲ್ಲಿ ಪಟ್ಟಿಯ ಬಕಲ್ ಇದ್ದರೆ ಆ ವೆಸ್ಟು ನಿಮಗಲ್ಲ. ಚೀಲದ ಒಳಪದರ ರಕ್ತ ಒರೆಸಿ ತೊಳೆಯುವಂತಿರಲಿ.

ಜೇಬಿನ ವಿಷಯದಲ್ಲಿ ಒಂದೇ ಒಂದು ಕಟ್ಟುನಿಟ್ಟು: 20 ಗೇಜ್ ಮತ್ತು 12 ಗೇಜ್ ತೋಟೆ (ಗೇಜ್ ಎಂದರೆ ನಳಿಗೆಯ ಅಗಲದ ಅಳತೆ, 20ರದು ಚಿಕ್ಕದು) ಒಂದೇ ವೆಸ್ಟಿನಲ್ಲಿ ಇರಲೇಬಾರದು. 20ರ ತೋಟೆ 12ರ ಕೋವಿಯೊಳಗೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಖಾಲಿ ಇದೆ ಎಂದುಕೊಂಡು ಅದರ ಹಿಂದೆ 12ರದನ್ನು ತುಂಬಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20ರ ತೋಟೆ ಹಳದಿ ಬಣ್ಣದಲ್ಲಿ ಬರುವುದು ಇದೇ ಕಾರಣಕ್ಕೆ. ಎರವಲು ವೆಸ್ಟು ಸಿಕ್ಕರೆ ಮೊದಲು ಎಲ್ಲ ಜೇಬನ್ನೂ ಹೊರಗೆ ತೆಗೆದು ನೋಡಿ. ತೋಟೆಯೊಳಗಿನ ಚರೆ ಸೀಸದ್ದಾದರೆ 5 ಅಥವಾ 6ನೇ ನಂಬರ್ (ನಂಬರ್ ಇಳಿದಷ್ಟೂ ಚರೆ ದಪ್ಪ). ಕೇಂದ್ರದ ವಾಟರ್‌ಫೌಲ್ ಪ್ರೊಡಕ್ಷನ್ ಏರಿಯಾಗಳಲ್ಲಿ (ಬಾತುಗಳಂಥ ನೀರುಹಕ್ಕಿಗಳಿಗೆ ಕಾಯ್ದಿಟ್ಟ ಜಾಗಗಳಲ್ಲಿ) ಸೀಸ ನಿಷಿದ್ಧ, ಅಲ್ಲಿ ಸ್ಟೀಲ್ ಬೇಕು. ಸ್ಟೀಲ್ ಹಗುರ, ಹಾಗಾಗಿ ಎರಡು ನಂಬರ್ ದಪ್ಪನೆಯದು, ಅಂದರೆ 3 ಅಥವಾ 4.

ಕಮಾಂಡೋ ಥರದ ಎಲೆಬಣ್ಣದ ಬಟ್ಟೆಗೆ ಒಂದು ಡಾಲರೂ ಹಾಕಬೇಡಿ. ಫೆಸೆಂಟ್ ನಿಮ್ಮನ್ನು ನೋಡುವ ಮುಂಚೆ ಕಾರಿನ ಬಾಗಿಲ ಸದ್ದು ಕೇಳಿಯೇ ಓಡಿರುತ್ತದೆ. ನೀವು ಕಾಣಬೇಕಾದ್ದು ಜೊತೆಯವರಿಗೆ. ಮಿನ್ನೆಸೋಟಾದಲ್ಲಿ ಸೊಂಟದ ಮೇಲೆ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಒಂದಾದರೂ ಉಡುಪು ಕಡ್ಡಾಯ. ನವೆಂಬರಿನ ಜಿಂಕೆ ಬೇಟೆಯ ದಿನಗಳಲ್ಲಿ ಟೋಪಿಯೂ ಮೇಲುಡುಪೂ ಎರಡೂ ಆ ಬಣ್ಣದ್ದಾಗಿರಬೇಕು. ಎತ್ತರದ ಹುಲ್ಲಿನಲ್ಲಿ ವೆಸ್ಟು ಮುಚ್ಚಿಹೋಗಿ ಟೋಪಿ ಮಾತ್ರ ಕಾಣುತ್ತದೆ, ಅದಕ್ಕೇ ಟೋಪಿಯನ್ನು ಅಕ್ಟೋಬರಿನಿಂದಲೇ ಹಾಕಿ. ಬಿಸಿಲಿಗೆ ಮಾಸಿದ ಹಳೇ ಕಿತ್ತಳೆ ಒಣಹುಲ್ಲಿನ ಬಣ್ಣಕ್ಕೆ ಹತ್ತಿರ ಬಂದಿರುತ್ತದೆ, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗಮನಿಸಿ.

ಕಣ್ಣಿಗೆ ಪಾಲಿಕಾರ್ಬೊನೇಟ್ ಕನ್ನಡಕ. ದಿನಾ ಹಾಕುವ ನಂಬರಿನ ಕನ್ನಡಕ ಇದಕ್ಕೆಂದು ಮಾಡಿದ್ದಲ್ಲ, ಅದರ ಮೇಲೆಯೇ ಕೂರುವ ಸೇಫ್ಟಿ ಗ್ಲಾಸ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕಣ್ಣಿಗೆ ಅಪಾಯ ದಿಕ್ಕು ತಪ್ಪಿದ ಚರೆಯಿಂದ ಮಾತ್ರವಲ್ಲ, ಮುಂದೆ ನಡೆಯುವವರು ಸರಿಸಿ ಬಿಟ್ಟ ಕೊಂಬೆಯಿಂದಲೂ. ಕಿವಿಗೆ ಪ್ಲಗ್, ಕೈಗೆ ತೆಳು ಮೇಕೆ ಚರ್ಮದ ಗ್ಲೌಸು. ನಮ್ಮಲ್ಲಿ ಉಂಬಳ ಇದ್ದ ಹಾಗೆ ಇಲ್ಲಿ ಉಣುಗು, ಲೈಮ್ ಕಾಯಿಲೆ ತರುತ್ತದೆ, ನೆಲ ಹೆಪ್ಪುಗಟ್ಟುವವರೆಗೂ ಚುರುಕಾಗಿರುತ್ತದೆ. 0.5 ಪ್ರತಿಶತ ಪರ್ಮೆಥ್ರಿನ್ (ಕೀಟನಾಶಕ) ಅನ್ನು ಹಿಂದಿನ ದಿನವೇ ಬಟ್ಟೆಗೆ ಸಿಂಪಡಿಸಿ ಒಣಗಿಸಿ, ಮೈಗಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಬಟ್ಟೆ ಒಣಗುವವರೆಗೆ ಬೆಕ್ಕನ್ನು ದೂರ ಇಡಿ, ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಹೊಡೆಯುವುದು ಹುಂಜವನ್ನು ಮಾತ್ರ, ನವೆಂಬರ್ ಮುಗಿಯುವವರೆಗೆ ದಿನಕ್ಕೆ ಎರಡು, ಬೆಳಗ್ಗೆ ಒಂಬತ್ತರ ನಂತರ. ಕಾರಿನಲ್ಲಿ ತರುವಾಗ ಹುಂಜವೆಂದು ಗೊತ್ತಾಗಲು ಕಾಲನ್ನೋ ಪುಕ್ಕದ ಸಮೇತ ತಲೆ ಅಥವಾ ರೆಕ್ಕೆಯನ್ನೋ ಉಳಿಸಿರಬೇಕು, ಆದ್ದರಿಂದ ಅಲ್ಲೇ ಪೂರ್ತಿ ಸ್ವಚ್ಛ ಮಾಡಬೇಡಿ.

ಬೇಟೆಗೆ ಒಯ್ದ ಚೀಲ, ಜಾಕೆಟ್ಟುಗಳನ್ನು ಊರಿಗೆ ಹೋಗುವಾಗ ಬಳಸಲೇಬೇಡಿ. ಒಳಜೇಬಿನಲ್ಲಿ ಮರೆತ ಒಂದೇ ಒಂದು ತೋಟೆ ಬೆಂಗಳೂರಿನ ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಂಡರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳಬಹುದು, ಅಮೆರಿಕದ ಬೇಟೆ ಲೈಸನ್ಸ್ ಅಲ್ಲಿ ನೆರವಿಗೆ ಬರುವುದಿಲ್ಲ.