ಭಾನುವಾರದ ಪೋಸ್ಟ್, ಮಂಗಳವಾರದ ಟಿಸಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಹುಡುಗನಿಗೆ 14 ವರ್ಷ, ಖಾಸಗಿ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ. ಭಾನುವಾರ ಸಂಜೆ ಮನೆಯಲ್ಲಿ ಕೂತು, ಬೇರೆ ಹೆಸರಿನ ಇನ್‌ಸ್ಟಾಗ್ರಾಂ ಖಾತೆಯಲ್ಲಿ ಗಣಿತದ ಟೀಚರ್ ಫೋಟೊ ಹಾಕಿ, ಅವರ ಮೈಕಟ್ಟಿನ ಬಗ್ಗೆ ಎರಡು ಸಾಲು ಗೀಚಿದ. ರಾತ್ರಿಯೊಳಗೆ ಅದು ತರಗತಿಯ ವಾಟ್ಸಾಪ್ ಗುಂಪಿನಲ್ಲಿತ್ತು. ಸೋಮವಾರ ಟೀಚರ್ ಬೋರ್ಡಿನ ಕಡೆ ತಿರುಗಿದಾಗಲೆಲ್ಲ ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು. ಮಂಗಳವಾರ ಪ್ರೇಯರ್‌ನಲ್ಲಿ ಎಲ್ಲರೆದುರು ಅವನಿಂದ ಕ್ಷಮೆ ಕೇಳಿಸಿದರು, ‘66ಎ ಕೇಸ್ ಹಾಕ್ತೀವಿ’ ಎಂದು ಆನ್‌ಲೈನ್‌ನ ಆಕ್ಷೇಪಾರ್ಹ ಬರಹದ ಕುರಿತ ಐಟಿ ಕಾಯ್ದೆ ಕಲಂ ತೋರಿಸಿ ಹೆದರಿಸಿದರು, ಅಪ್ಪನಿಗೆ ಟಿಸಿ ತಗೊಂಡು ಹೋಗಿ ಎಂದರು. ಅಂದಿನಿಂದ ಶಾಲೆಯ ಹೆಸರೆತ್ತಿದರೆ ಹುಡುಗನಿಗೆ ವಾಂತಿ.

‘ಮನೇಲಿ ಮಾಡಿದ್ದಕ್ಕೆ ಶಾಲೆಯವರಿಗೇನ್ರೀ ಅಧಿಕಾರ?’ ಎಂಬುದು ಸಲಹೆ ಕೇಳಿ ಬಂದ ಅಪ್ಪನ ಪ್ರಶ್ನೆ. ಪೋಸ್ಟ್ ಮನೆಯದು, ನಗು ತರಗತಿಯದು. ಪಾಠಕ್ಕೆ ಅಡ್ಡಿಯಾದಷ್ಟರ ಮಟ್ಟಿಗೆ ಶಾಲೆ ಕೇಳಬಹುದು ಎಂದು ಅವರಿಗೆ ನೇರವಾಗಿಯೇ ಹೇಳಲಾಯಿತು.

ಮುಖ್ಯೋಪಾಧ್ಯಾಯರಿಗೆ ಹೇಳಿದ್ದು ಬೇರೆ. 66ಎ ಕಲಂ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲೇ ರದ್ದುಪಡಿಸಿದೆ. ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಎಂಟನೇ ತರಗತಿವರೆಗೆ ಮಕ್ಕಳನ್ನು ಹೊರಹಾಕುವಂತಿಲ್ಲ ಎನ್ನುತ್ತದೆ. ಈ ಹುಡುಗ ಒಂಬತ್ತನೆಯವನು, ಆ ರಕ್ಷಣೆ ಅವನಿಗೆ ದಕ್ಕದು. ಹಾಗೆಂದು ಬಾಯಿಮಾತಿನ ಟಿಸಿ ನ್ಯಾಯವಾಗುವುದಿಲ್ಲ. ಬಾಲನ್ಯಾಯ ಕಾಯ್ದೆ 2015ರ 75ನೇ ಕಲಂ 18 ತುಂಬದ ಎಲ್ಲರಿಗೂ ಅನ್ವಯಿಸುತ್ತದೆ. ಮಗುವಿನ ಉಸ್ತುವಾರಿ ಹೊತ್ತವರು ಅನಗತ್ಯ ಮಾನಸಿಕ ಯಾತನೆ ಕೊಟ್ಟರೆ ಅದೇ ಅಪರಾಧ. ಪ್ರೇಯರ್‌ನಲ್ಲಿ ನಿಲ್ಲಿಸಿದ್ದು ಅದರ ಅಂಚಿಗೆ ಬರುತ್ತದೆ.

ಈ ಗದ್ದಲದಲ್ಲಿ ಎಲ್ಲರೂ ಮರೆತವರು ಟೀಚರ್. ‘ಮಕ್ಕಳು, ಬಿಡಿ’ ಎಂದರೇ ಹೊರತು ಏನು ಬೇಕೆಂದು ಯಾರೂ ಕೇಳಲಿಲ್ಲ. ಸಾಲದ್ದಕ್ಕೆ ಆ ಚಿತ್ರ ಸಿಬ್ಬಂದಿ ಗುಂಪಿಗೂ ಫಾರ್ವರ್ಡ್ ಆಗಿತ್ತು! ಅದನ್ನು ಅಲ್ಲಿಂದ ತೆಗೆಸಿ, ಖಾತೆಯ ಹೆಸರು, ದಿನಾಂಕ, ಪೋಸ್ಟಿನ ಲಿಂಕ್ ಕಾಣುವ ಸ್ಕ್ರೀನ್‌ಶಾಟನ್ನು ಒಬ್ಬರ ಬಳಿ ಮಾತ್ರ ಇಡಲು ಹೇಳಲಾಯಿತು. ಅಳಿಸುವುದು ಅದಾದ ಮೇಲೆ. ಮೊದಲೇ ಅಳಿಸಿದರೆ ಆಮೇಲೆ ‘ನಾನು ಹಾಕಿಲ್ಲ’, ‘ಇನ್ನೂ ಕೆಟ್ಟದಾಗಿತ್ತು’ ಎಂಬ ಎರಡೂ ವಾದ ಹುಟ್ಟುತ್ತವೆ. ಇನ್‌ಸ್ಟಾಗ್ರಾಂನಲ್ಲಿ ಅಳಿಸಿದ ಪೋಸ್ಟ್ 30 ದಿನ ‘ರೀಸೆಂಟ್ಲಿ ಡಿಲೀಟೆಡ್’ನಲ್ಲಿ ಕೂತಿರುತ್ತದೆ, ಅಲ್ಲಿಂದಲೂ ತೆಗೆಯಬೇಕು. ವಾಟ್ಸಾಪ್ ಗುಂಪಿನಲ್ಲಿ ಬೇರೆಯವರ ಸಂದೇಶವನ್ನೂ ಅಡ್ಮಿನ್ ಎಲ್ಲರಿಗೂ ಕಾಣದಂತೆ ಅಳಿಸಬಹುದು. ಫೋನಿಗೆ ಇಳಿಸಿಕೊಂಡ ಪ್ರತಿಗಳು ಮಾತ್ರ ಹಾಗೇ ಉಳಿಯುತ್ತವೆ.

ಹುಡುಗನನ್ನು ಒಬ್ಬನನ್ನೇ ಕೂರಿಸಿ ‘ಸಾಯಬೇಕು ಅನಿಸಿದೆಯಾ?’ ಎಂದು ನೇರವಾಗಿ ಕೇಳಲಾಯಿತು. ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆಂಬ ಭಯ ಬೇಡ. ಇಲ್ಲ ಎಂದ. ಆದರೂ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮನೆಯವರಿಗೆ ಬರೆದುಕೊಡಲಾಯಿತು.

ಅಪ್ಪ ಹೇಳಿ ಬರೆಸಿದ ಮೊದಲ ಪತ್ರದಲ್ಲಿ ‘ನಿಮಗೆ ನೋವಾಗಿದ್ದರೆ ಕ್ಷಮಿಸಿ’ ಎಂದಿತ್ತು. ಆ ‘ಆಗಿದ್ದರೆ’ ಬಂದರೆ ಪತ್ರ ಕೆಟ್ಟಿತು. ಏನು ಬರೆದೆ, ಮರುದಿನ ತರಗತಿಯಲ್ಲಿ ಅದರಿಂದ ಏನಾಯಿತು, ಇನ್ನು ಏನು ಮಾಡುವುದಿಲ್ಲ ಎಂದು ಆರು ಸಾಲು ಅವನೇ ಬರೆದ. ಟೀಚರ್ ಪತ್ರ ತೆಗೆದುಕೊಂಡರು, ಮುಖ ನೋಡಲು ಒಪ್ಪಲಿಲ್ಲ. ಒತ್ತಾಯಿಸಲಿಲ್ಲ. ಎರಡು ವಾರ ಗಣಿತದ ಪೀರಿಯಡ್‌ನಲ್ಲಿ ಅವನು ಲೈಬ್ರರಿಯಲ್ಲಿ ಲೆಕ್ಕ ಬಿಡಿಸಿದ.

ಶಿಕ್ಷೆ ಅಷ್ಟೇ, ಅದೂ ಶಾಲೆಯೊಳಗೆ ಮತ್ತು ಬರಹದಲ್ಲಿ. ಸಸ್ಪೆಂಡ್ ಮಾಡಿ ಮನೆಗೆ ಕಳಿಸಿದರೆ ಇಡೀ ದಿನ ಕೈಯಲ್ಲಿ ಅದೇ ಫೋನ್. ಮುಂದಿನ ವರ್ಷವಾಗಿದ್ದರೆ ಎಸ್ಸೆಸ್ಸೆಲ್ಸಿಯ ಶೇ 75 ಹಾಜರಾತಿಗೂ ಕುತ್ತು. ಮುಚ್ಚಳಿಕೆಯಲ್ಲಿ ‘ಮುಂದೆ ಯಾವುದೇ ತಪ್ಪಾದರೆ ಟಿಸಿ’ ಎಂದಿದ್ದ ಸಾಲಿಗೆ ಸಹಿ ಹಾಕಬೇಡಿ ಎಂದು ತಂದೆತಾಯಿಗೆ ತಿಳಿಸಲಾಯಿತು. ಅದರ ಬದಲು ‘ಅನುಮತಿ ಇಲ್ಲದೆ ಶಾಲೆಯ ಯಾರ ಫೋಟೊವನ್ನೂ ಹಾಕುವುದಿಲ್ಲ, ಮೂರು ತಿಂಗಳಿಗೆ ಪರಿಶೀಲನೆ’ ಎಂದು ಬಂತು.

ಆ ಪೋಸ್ಟನ್ನು ಹಂಚಿದ ಹನ್ನೊಂದು ಮಕ್ಕಳನ್ನು ಶಾಲೆ ಇನ್ನೂ ಮಾತನಾಡಿಸಿಲ್ಲ. ಹೆಸರೆತ್ತದೆ ಇಡೀ ತರಗತಿಯ ಜೊತೆ ಒಂದು ಪೀರಿಯಡ್ ಕೂರಬೇಕೆಂಬ ಸಲಹೆ ಮುಖ್ಯೋಪಾಧ್ಯಾಯರ ಮೇಜಿನ ಮೇಲಿದೆ.