ಓದುಗರ ಪ್ರಶ್ನೆ: ಹಳಿ ಮೊದಲು, ಗುಡ್ಡ ಆಮೇಲೆ

(ಕಂಪ್ಯೂಟರಿನಲ್ಲಿ ರೈಲು ಓಡಿಸುವ ಸಿಮ್ಯುಲೇಟರ್‌ಗಳಿಗೆ ನಮ್ಮದೇ ಮಾರ್ಗ ಕಟ್ಟುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸಕಲೇಶಪುರ ಘಟ್ಟದ್ದು. ಸರ್ವೆ ನಕ್ಷೆಗಳ ಕೆಲಸದಲ್ಲಿದ್ದು ನಿವೃತ್ತರಾದ, ಈಗ ಇದೇ ಹವ್ಯಾಸದಲ್ಲಿ ಮುಳುಗಿರುವ ನಮ್ಮ ಅಂಕಣಕಾರರು ಉತ್ತರಿಸಿದ್ದಾರೆ.)

ಪ್ರಶ್ನೆ: ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟವನ್ನು ಓಪನ್ ರೈಲ್ಸ್ ಸಿಮ್ಯುಲೇಟರ್‌ಗೆ ಕಟ್ಟಬೇಕೆಂದಿದ್ದೇನೆ. ಭೂಮಿಯ ಎತ್ತರದ ದತ್ತಾಂಶ ಎಷ್ಟು ಬೇಕು? ನನ್ನ ಲ್ಯಾಪ್‌ಟಾಪ್ ಹಳೆಯದು.
— ಕಾಲೇಜು ವಿದ್ಯಾರ್ಥಿ, ಹಾಸನ

ಉತ್ತರ: ಲ್ಯಾಪ್‌ಟಾಪಿನ ಚಿಂತೆ ಬಿಡಿ. 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 60 ಮೀಟರ್ ಉದ್ದದ ತೋಳು ಚಾಚಿಕೊಂಡು, ಹನ್ನೊಂದು ದಿನಗಳಲ್ಲಿ ಭೂಮಿಯ ನೆಲದ ಬಹುಪಾಲನ್ನು ರೇಡಾರಿನಿಂದ ಅಳೆದು ಬಂತು. ಎಸ್‌ಆರ್‌ಟಿಎಂ ಎಂಬ ಹೆಸರಿನಲ್ಲಿ ಉಚಿತವಾಗಿ ಸಿಗುವುದು ಅದೇ ದತ್ತಾಂಶ. ಅಕ್ಷಾಂಶ, ರೇಖಾಂಶಗಳ ಒಂದೊಂದು ಡಿಗ್ರಿ ಚೌಕಕ್ಕೆ ಒಂದು ಕಡತ. ಕಡತದ ಹೆಸರೇ ಚೌಕದ ನೈಋತ್ಯ ಮೂಲೆಯ ವಿಳಾಸ. ನಿಮ್ಮ ಘಟ್ಟ ಪೂರ್ತಿಯಾಗಿ ಎನ್12ಇ075 ಎಂಬ ಒಂದೇ ಕಡತದೊಳಗಿದೆ. ಅದರಲ್ಲಿರುವುದು ಅಡ್ಡಕ್ಕೆ 3601, ಉದ್ದಕ್ಕೆ 3601 ಅಂಕಿಗಳು, ಅಷ್ಟೆ. ಗಾತ್ರ 25 ಎಂಬಿಯ ಆಸುಪಾಸು. ಮಂಗಳೂರಿನವರೆಗೆ ಹೋಗುವ ಉಮೇದಿದ್ದರೆ ಪಕ್ಕದ ಎನ್12ಇ074 ಕೂಡ ಬೇಕಾಗುತ್ತದೆ.

ಖಾಲಿ ಜಾಗಗಳನ್ನು ತುಂಬಿಸಿದ ಆವೃತ್ತಿಯನ್ನೇ ಇಳಿಸಿಕೊಳ್ಳಿ. ಮೊದಲಿನ ಆವೃತ್ತಿಯಲ್ಲಿ ರೇಡಾರಿಗೆ ಕಾಣದ ಕಣಿವೆಗಳಲ್ಲಿ ಎತ್ತರದ ಬದಲು -32768 ಎಂಬ ಸಂಕೇತ ಕುಳಿತಿರುತ್ತದೆ. ಅದನ್ನು ಹಾಗೆಯೇ ತುಂಬಿಸಿದರೆ ನಿಮ್ಮ ಘಟ್ಟದಲ್ಲಿ ಪಾತಾಳ ತೆರೆಯುತ್ತದೆ.

ಪ್ರಶ್ನೆ: ದತ್ತಾಂಶ ತುಂಬಿಸಿ, ಉಪಗ್ರಹ ಚಿತ್ರ ನೋಡಿಕೊಂಡು ನೆಲದ ಮೇಲೆ ಹಳಿ ಹಾಸಿದೆ. ಎಡಕುಮೇರಿಯ ಸುತ್ತ ಹಳಿ ಏರಿ ಇಳಿದು, ಕೆಲವೆಡೆ ಎಂಜಿನ್ ನಿಂತೇ ಬಿಡುತ್ತದೆ. ಇನ್ನೂ ಸೂಕ್ಷ್ಮ ದತ್ತಾಂಶ ತಂದರೆ ಸರಿಹೋಗುತ್ತದೆಯೇ?
— ಓದುಗರು, ಪುತ್ತೂರು

ಉತ್ತರ: ಹೋಗುವುದಿಲ್ಲ. ಈ ಪ್ರಶ್ನೆ ಎಲ್ಲರಿಂದಲೂ ಬರುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಈ ಘಟ್ಟದ ಕಡಿದಾದ ಏರು 50ಕ್ಕೆ 1. ಅಂದರೆ 30 ಮೀಟರ್ ಮುಂದೆ ಹೋದರೆ 60 ಸೆಂಟಿಮೀಟರ್ ಮಾತ್ರ ಏರಬೇಕು. ದತ್ತಾಂಶದ ಬಿಂದುಗಳ ನಡುವಿನ ಅಂತರ 30 ಮೀಟರ್. ಪಕ್ಕಪಕ್ಕದ ಎರಡು ಬಿಂದುಗಳ ನಡುವೆ ಬರೀ ಮೂರು ಮೀಟರ್ ವ್ಯತ್ಯಾಸ ನುಸುಳಿದರೂ ಏರು 10ಕ್ಕೆ 1 ಆಗಿಬಿಡುತ್ತದೆ. ಎಸ್‌ಆರ್‌ಟಿಎಂ ರೂಪಿಸಿದವರು ಇಟ್ಟುಕೊಂಡ ಗುರಿಯೇ ನೂರಕ್ಕೆ ತೊಂಬತ್ತು ಬಿಂದುಗಳು 16 ಮೀಟರ್ ತಪ್ಪಿನೊಳಗೆ ಇರಬೇಕೆಂಬುದು. ಬೆಟ್ಟದ ಆಕಾರಕ್ಕೆ ಅದು ಧಾರಾಳ ಸಾಕು. ಹಳಿಯ ಮಟ್ಟಕ್ಕೆ ಅದನ್ನು ಕೇಳುವುದೇ ಅನ್ಯಾಯ.

ಅದರ ಮೇಲೆ ಕಾಡು. ಆ ರೇಡಾರಿನ ಅಲೆ ದಟ್ಟ ಕಾಡಿನ ಎಲೆಗಳನ್ನು ಪೂರ್ತಿ ದಾಟಿ ನೆಲ ಮುಟ್ಟುವುದಿಲ್ಲ. ಬೆಟ್ಟಕ್ಕೆ ಕಂಬಳಿ ಹೊದಿಸಿ, ಕಂಬಳಿಯ ಎತ್ತರ ಅಳೆದ ಹಾಗೆ. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ಆ ಕಂಬಳಿಯ ದಪ್ಪ ಒಂದು ಕಡೆ ಇದ್ದಂತೆ ಇನ್ನೊಂದು ಕಡೆ ಇರುವುದಿಲ್ಲ. ಮರ ದಟ್ಟವಾದಲ್ಲಿ ನಿಮ್ಮ ಹಳಿ ಮರ ಹತ್ತುತ್ತದೆ, ತೆರವಿದ್ದಲ್ಲಿ ಇಳಿಯುತ್ತದೆ. ಕೋಪರ್ನಿಕಸ್ ಎಂಬ ಯುರೋಪಿನ ಭೂವೀಕ್ಷಣಾ ಯೋಜನೆಯ 30 ಮೀಟರ್ ದತ್ತಾಂಶ ಇದಕ್ಕಿಂತ ಅಚ್ಚುಕಟ್ಟು, ನಾನೂ ಈಗ ಅದನ್ನೇ ಬಳಸುತ್ತೇನೆ. ಆದರೆ ಅದೂ ಮರಗಳ ತಲೆಯನ್ನು ಸೇರಿಸಿಕೊಂಡೇ ಅಳೆದದ್ದು.

ಮೂರನೆಯ ಕಾರಣವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಇಲ್ಲಿ ಹಳಿ ಕಡಿದಾದ ಪಕ್ಕೆಯನ್ನು ಹಿಡಿದು ಸಾಗುತ್ತದೆ. 45 ಡಿಗ್ರಿ ಇಳಿಜಾರಿನಲ್ಲಿ ಉಪಗ್ರಹ ಚಿತ್ರ 15 ಮೀಟರ್ ಪಕ್ಕಕ್ಕೆ ಸರಿದಿದ್ದರೆ ಎತ್ತರವೂ 15 ಮೀಟರ್ ತಪ್ಪುತ್ತದೆ. ಎತ್ತರದ ದತ್ತಾಂಶ ಎಷ್ಟೇ ನಿಖರವಾಗಿದ್ದರೂ ಈ ತಪ್ಪು ಉಳಿಯುತ್ತದೆ.

ಆದ್ದರಿಂದ ನೆಲದ ಮೇಲೆ ಹಳಿ ಹಾಸಬೇಡಿ. ಹಳಿಯನ್ನು ಮೊದಲು ಕಾಗದದ ಮೇಲೆ ಹಾಸಿ, ನೆಲವನ್ನು ಅದಕ್ಕೆ ತಂದು ಸೇರಿಸಿ. ಸಕಲೇಶಪುರ, ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು, ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳ ಹಳದಿ ಫಲಕದ ಮೂಲೆಯಲ್ಲಿ ಸಮುದ್ರ ಮಟ್ಟದಿಂದ ಎತ್ತರ ಬರೆದಿದೆಯೇ ನೋಡಿ. ಆ ಸಣ್ಣ ಅಕ್ಷರಗಳು ಯಾವ ಉಪಗ್ರಹಕ್ಕಿಂತಲೂ ನಂಬಿಕಸ್ಥ. ನಿಲ್ದಾಣಗಳ ನಡುವಿನ ದೂರ ವೇಳಾಪಟ್ಟಿಯಲ್ಲಿದೆ. ಏರು ಎಲ್ಲಿ ಬದಲಾಗುತ್ತದೆ ಎಂಬುದನ್ನು ಹಳಿ ಪಕ್ಕದ ಗ್ರೇಡಿಯಂಟ್ ಕಂಬ ಹೇಳುತ್ತದೆ. ನಿಲ್ದಾಣದ ಅಂಗಳವನ್ನು ಬಹುತೇಕ ಸಮತಟ್ಟಾಗಿಡಿ. ನಮ್ಮ ರೈಲ್ವೆಯ ಸಾಮಾನ್ಯ ನಿಯಮದಂತೆ ಅಲ್ಲಿ 400ಕ್ಕೆ 1ಕ್ಕಿಂತ ಕಡಿದು ಇರಬಾರದು.

ತಿರುವಿನ ಲೆಕ್ಕವನ್ನೂ ಮರೆಯಬೇಡಿ. ತಿರುವಿನಲ್ಲಿ ಗಾಲಿಯ ಎಳೆತ ಹೆಚ್ಚುವುದರಿಂದ, ಬ್ರಾಡ್‌ಗೇಜ್‌ನಲ್ಲಿ ಪ್ರತಿ ಡಿಗ್ರಿ ತಿರುವಿಗೆ ಶೇ 0.04ರಷ್ಟು ಏರನ್ನು ಕಡಿಮೆ ಮಾಡುವ ಪದ್ಧತಿ ಇದೆ. 5 ಡಿಗ್ರಿ ತಿರುವು, ಅಂದರೆ 350 ಮೀಟರ್ ತ್ರಿಜ್ಯದ್ದು ಎಂದುಕೊಳ್ಳಿ. ಶೇ 2ರ ಏರು ಅಲ್ಲಿ ಶೇ 1.8ಕ್ಕೆ ಇಳಿಯುತ್ತದೆ, ಸುಮಾರು 55ಕ್ಕೆ 1. ಇದನ್ನು ಪಾಲಿಸಿದ ಮಾರ್ಗದಲ್ಲಿ ಎಂಜಿನ್ ಒಂದೇ ಹದದಲ್ಲಿ ಉಸಿರಾಡುವುದು ಕಿವಿಗೇ ತಿಳಿಯುತ್ತದೆ.

ಹೀಗೆ ಬಂದ ಹಳಿಯ ಗೆರೆಯನ್ನೂ ದತ್ತಾಂಶದ ನೆಲದ ಗೆರೆಯನ್ನೂ ಒಂದೇ ಹಾಳೆಯಲ್ಲಿ ಎಳೆಯಿರಿ. ನೆಲ ಹಳಿಗಿಂತ ಬಹಳ ಮೇಲಿದ್ದಲ್ಲಿ ಸುರಂಗ ಇಲ್ಲವೇ ಗುಡ್ಡ ಕಡಿದ ಜಾಗ. ಕೆಳಗಿದ್ದಲ್ಲಿ ಸೇತುವೆ ಇಲ್ಲವೇ ಮಣ್ಣಿನ ಏರಿ. ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ. ಉಪಗ್ರಹ ಚಿತ್ರದಲ್ಲಿ ಹಳಿ ಮರೆಯಾಗುವ ಜಾಗಗಳನ್ನು ಈ ಹಾಳೆಯೊಂದಿಗೆ ತಾಳೆ ನೋಡಿದರೆ ಯಾವುದು ಸುರಂಗ, ಯಾವುದು ಬರೀ ಮರದ ನೆರಳು ಎಂದು ಬೇರ್ಪಡಿಸಬಹುದು. ನನಗಂತೂ ಇಡೀ ಹವ್ಯಾಸದಲ್ಲಿ ಅತ್ಯಂತ ರುಚಿಯ ಕೆಲಸ ಇದೇ. ರೈಲು ಓಡಿಸುವುದು ಆಮೇಲಿನ ಮಾತು.

ಪ್ರಶ್ನೆ: ಸ್ವದೇಶಿ ದತ್ತಾಂಶವೇ ಇರಲೆಂದು ಇಸ್ರೋದ ಭುವನ್ ತಾಣದಿಂದ ಕಾರ್ಟೋಸ್ಯಾಟ್ ಕಡತ ತಂದೆ. ಮಂಗಳೂರು ಸಮುದ್ರದ ತಳದಲ್ಲಿದೆ! ಕಡತ ಕೆಟ್ಟಿದೆಯೇ?
— ಓದುಗರು, ಸುರತ್ಕಲ್

ಉತ್ತರ: ಕಡತ ಸರಿಯಾಗಿಯೇ ಇದೆ, ಮಂಗಳೂರು ಕೂಡ ಕ್ಷೇಮ. ಆ ಎತ್ತರಗಳನ್ನು ಅಳೆದಿರುವುದು ಸಮುದ್ರ ಮಟ್ಟದಿಂದಲ್ಲ, ಭೂಮಿಯನ್ನು ನುಣುಪಾದ ದೀರ್ಘಗೋಳ ಎಂದುಕೊಂಡ ಗಣಿತದ ಮೇಲ್ಮೈಯಿಂದ. ನಿಜವಾದ ಸಮುದ್ರ ಮಟ್ಟ ಆ ಮೇಲ್ಮೈಯನ್ನು ಅನುಸರಿಸುವುದಿಲ್ಲ. ಗುರುತ್ವ ಕಡಿಮೆಯಿರುವ ಕಾರಣ ಶ್ರೀಲಂಕಾದ ದಕ್ಷಿಣಕ್ಕೆ ಅದು ನೂರು ಮೀಟರಿಗೂ ಹೆಚ್ಚು ತಗ್ಗಿದೆ. ಜಗತ್ತಿನಲ್ಲೇ ಅತಿ ದೊಡ್ಡ ತಗ್ಗು ಅದು. ಅದರ ಅಂಚು ನಮ್ಮ ಕರಾವಳಿಯನ್ನೂ ಒಳಗೊಂಡಿದೆ, ಇಲ್ಲಿ ವ್ಯತ್ಯಾಸ ಎಂಬತ್ತು ಮೀಟರಿನ ಆಸುಪಾಸು. ಕ್ಯೂಜಿಐಎಸ್‌ನಂತಹ ಉಚಿತ ತಂತ್ರಾಂಶದಲ್ಲಿ ಎತ್ತರವನ್ನು ಸಮುದ್ರ ಮಟ್ಟಕ್ಕೆ ಹೊಂದಿಸುವ ಜಿಯಾಯ್ಡ್ ತಿದ್ದುಪಡಿ ಮಾಡಿಕೊಂಡು ಬಳಸಿ. ಎಸ್‌ಆರ್‌ಟಿಎಂ, ಕೋಪರ್ನಿಕಸ್ ಕಡತಗಳಲ್ಲಿ ಈ ತಿದ್ದುಪಡಿ ಮೊದಲೇ ಆಗಿರುತ್ತದೆ. ಎರಡು ಬಗೆಯ ಕಡತಗಳನ್ನು ತಿದ್ದದೆ ಪಕ್ಕಪಕ್ಕ ಜೋಡಿಸಿದರೆ ಮಾತ್ರ ನಡುವೆ ಕೋಟೆಗೋಡೆ ಎದ್ದು ನಿಲ್ಲುತ್ತದೆ.

ಪ್ರಶ್ನೆ: ದೂಧ್‌ಸಾಗರ್ ಜಲಪಾತ ಮಣ್ಣಿನ ದಿಬ್ಬದಂತೆ ಕಾಣುತ್ತಿದೆ. ಏನು ಮಾಡಲಿ?
— ಓದುಗರು, ಲೋಂಡಾ

ಉತ್ತರ: 30 ಮೀಟರಿಗೊಂದು ಬಿಂದು ಇರುವಲ್ಲಿ ಕಡಿದಾದ ಬಂಡೆ ಇಳಿಜಾರಾಗದೆ ಇನ್ನೇನಾದೀತು! ಬಂಡೆಯನ್ನು ಕೈಯಿಂದಲೇ ತಿದ್ದಿ. ಆದರೆ ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ 37ಕ್ಕೆ 1ರ ಇಳಿಜಾರು ಮೊದಲು ಸರಿಯಾಗಲಿ. ಬಂಡೆಯ ಅಲಂಕಾರ ಆಮೇಲೆ.

ಪ್ರಶ್ನೆ: ಹಳಿಯ ಮೇಲೆ ನಡೆದು ಮೊಬೈಲ್ ಜಿಪಿಎಸ್‌ನಲ್ಲಿ ಎತ್ತರ ದಾಖಲಿಸಬಹುದೇ?
— ಓದುಗರು, ಬೆಂಗಳೂರು

ಉತ್ತರ: ಬೇಡ. ಅನುಮತಿಯಿಲ್ಲದೆ ಹಳಿಗಿಳಿಯುವುದು 1989ರ ರೈಲ್ವೆ ಕಾಯ್ದೆಯಂತೆ ಅಪರಾಧ. ಸಕಲೇಶಪುರ ಘಟ್ಟದ ಸುರಂಗದೊಳಗೆ ಗೂಡ್ಸ್ ಗಾಡಿ ಎದುರಾದರೆ ಸರಿದು ನಿಲ್ಲಲು ಜಾಗ ಹುಡುಕಬೇಕಾಗುತ್ತದೆ. ಸುರಂಗದಲ್ಲಿ ಜಿಪಿಎಸ್ ಸಿಗುವುದೂ ಇಲ್ಲ, ಮೊಬೈಲ್ ತೋರಿಸುವ ಎತ್ತರ ನಂಬಲು ಯೋಗ್ಯವೂ ಅಲ್ಲ. ಹಗಲು ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತು ವಿಡಿಯೊ ಮಾಡಿ. 2021ರಿಂದ ಈ ಮಾರ್ಗದಲ್ಲಿ ದೊಡ್ಡ ಗಾಜಿನ ಕಿಟಕಿಗಳ ವಿಸ್ಟಾಡೋಮ್ ಬೋಗಿಯೂ ಇದೆ. ಗ್ರೇಡಿಯಂಟ್ ಕಂಬಗಳು ಒಂದೇ ಬದಿಯಲ್ಲಿ ಕಾಣಸಿಗುವುದರಿಂದ ಹೋಗುವಾಗ ಎಡಕ್ಕೆ ಕುಳಿತರೆ ಬರುವಾಗಲೂ ಎಡಕ್ಕೇ ಕುಳಿತುಕೊಳ್ಳಿ. ಎರಡೂ ಬದಿ ದಾಖಲಾಗುತ್ತವೆ.